ಬೋರಮ್ಮನ ಹಿತ್ತಾಳೆ ಚೊಂಬು

ನಮ್ಮ ಶಾಲೆಯಲ್ಲಿ ಮೇಷ್ಟ್ರಿಗೆ ಹೆದರದ ಮಕ್ಕಳಿದ್ದರು, ಬೋರಮ್ಮನಿಗೆ ಹೆದರದವರು ಒಬ್ಬರೂ ಇರಲಿಲ್ಲ. ೧೯೫೪ರ ಮಾತು. ಮಾರೇನಹಳ್ಳಿಯ ಹೆಂಚಿನ ಶಾಲೆಯಲ್ಲಿ ನಾನು ಮೂರನೇ ಕ್ಲಾಸಿನ ಹುಡುಗಿ, ಬೋರಮ್ಮ ನೀರಿನ ಆಳು. ಬೆಳಗ್ಗೆ ಬಾವಿಯಿಂದ ಸೇದಿ ಹಂಡೆ ತುಂಬಿಸುವುದು, ಮಧ್ಯಾಹ್ನ ನಾವು ಬುತ್ತಿ ಬಿಚ್ಚುವ ಮುಂಚೆ ಕೈಗೆ ನೀರು ಹುಯ್ಯುವುದು, ಇಷ್ಟೇ ಅವಳ ಕೆಲಸ. ಅದನ್ನೇ ದಸರಾ ದರ್ಬಾರಿನ ಗತ್ತಿನಲ್ಲಿ ಮಾಡುತ್ತಿದ್ದಳು.

ಸಾಲಾಗಿ ನಿಲ್ಲಬೇಕು. ಅಂಗೈಗೆ ಒಂದು ಚಿಟಿಕೆ ಸೀಗೆಪುಡಿ. ಬಲಗೈ ಮಾತ್ರ ಒಡ್ಡಿದರೆ ಮುಗಿಯಿತು.

"ಎಲ್ಲೇ ಎಡಗೈ? ಮನೇಲಿ ಬಿಟ್ಟು ಬಂದ್ಯಾ?"

ಉಣ್ಣುವುದು ಬಲಗೈ, ಎಡಗೈ ಯಾಕೆ ತೊಳೆಯಬೇಕು ಎಂಬುದು ನಮ್ಮ ವಾದ. ಊರಿನ ಎಲ್ಲ ಮನೆಗಳಲ್ಲೂ ಹಾಗೇ ತಾನೆ! ಎಡಗೈಯಲ್ಲಿ ಚೊಂಬು ಹಿಡಿದು ಬಲಗೈಗೆ ನೀರು ಸುರಿದುಕೊಂಡರೆ ಕೈ ತೊಳೆದ ಲೆಕ್ಕ. ಚೊಂಬು ಹಿಡಿದ ಕೈಗೆ ಒಂದು ತೊಟ್ಟು ನೀರೂ ತಾಗುವುದಿಲ್ಲ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಬೆನ್ನ ಹಿಂದೆ ಅವಳನ್ನು ಅಣಕಿಸಿ ಎಷ್ಟು ನಕ್ಕೆವೋ! ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವರ್ಷ ಮೇಲಿನಿಂದ ಕಾಗದ ಬಂತು. ಮಕ್ಕಳ ಕೈಗೆ ನೀರು ಹುಯ್ಯಲು ಒಬ್ಬ ಆಳು ಬೇಕೇ? ಇನ್ಸ್‌ಪೆಕ್ಟರು ಬಂದು ನೋಡುತ್ತಾರೆ, ಬೇಡವೆನಿಸಿದರೆ ಬೋರಮ್ಮನನ್ನು ಬಿಡಿಸುತ್ತಾರೆ. ಓದಿ ಹೇಳುವಾಗ ನಂಜುಂಡಪ್ಪ ಮೇಷ್ಟ್ರ ದನಿಯೇ ಉಡುಗಿಹೋಯಿತು. ಒಳ್ಳೆಯವರು, ಆದರೆ ಮೇಲಧಿಕಾರಿಗಳ ಮುಂದೆ ಅವರಿಗೆ ಬಾಯಿ ಕಟ್ಟುತ್ತಿತ್ತು.

"ನಾನು ಹೋದ್ರೆ ಈ ಮಕ್ಳು ನಾಳೆಯಿಂದ್ಲೇ ಒಂಟಿ ಕೈ ತೊಳೀತವೆ ಸ್ವಾಮಿ," ಎಂದಳು ಬೋರಮ್ಮ. ತನ್ನ ಹೊಟ್ಟೆಪಾಡಿನ ಮಾತು ಎತ್ತಲೇ ಇಲ್ಲ.

ಇನ್ಸ್‌ಪೆಕ್ಟರು ಬರುವ ದಿನ ನಾನು ಬೇಗ ಹೋಗಿದ್ದೆ. ಬೋರಮ್ಮ ಬಾವಿಕಟ್ಟೆಯ ಮೇಲೆ ಕೂತು ಚೊಂಬಿನ ಹೊರಮೈಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಸವರುತ್ತಿದ್ದಳು. ಹಿತ್ತಾಳೆಯ ಮೇಲೆ ಅರಿಶಿನ ಎಲ್ಲಿ ಕಾಣಬೇಕು!

"ಮಕ್ಳ ಕೈಗೆ ಚೊಂಬು ಕೊಟ್ಟು ಸಾಹೇಬ್ರಿಗೆ ತೋರಿಸ್ತೀನಿ. ಬಾಯಿ ಬಿಟ್ಟೀಯ, ಹುಷಾರ್ ಕಣೇ," ಎಂದಳು. ಬಾಯಿ ಬಿಡುವ ಧೈರ್ಯ ಯಾರಿಗಿತ್ತು?

ಬಿಳಿ ಕೋಟು, ಬಿಳಿ ಮೀಸೆಯ ಇನ್ಸ್‌ಪೆಕ್ಟರು ಬಂದರು. ಮಗ್ಗಿ ಕೇಳಿದರು, ತಲೆಯಾಡಿಸಿದರು. ಮಧ್ಯಾಹ್ನ ಮೇಷ್ಟ್ರು ಅವರಿಗಾಗಿ ಬೇಯಿಸಿದ ಕಡಲೆಕಾಯಿ ತರಿಸಿದರು. ಬೋರಮ್ಮ ಚೊಂಬು ಹಿಡಿದು ಬಂದಳು.

"ಇದಕ್ಕೂ ಒಬ್ಬಳು ಬೇಕೇನ್ರೀ ಮೇಷ್ಟ್ರೇ? ಕೊಡಮ್ಮ ಇಲ್ಲಿ."

"ಅಯ್ಯೋ ಬ್ಯಾಡಿ ಸ್ವಾಮಿ, ನಾನೇ ಹುಯ್ತೀನಿ!" ಬೋರಮ್ಮನ ಮುಖ ಬಿಳಿಚಿಕೊಂಡಿತು. ಅವಳು ಎಣಿಸಿದ್ದು ಮಕ್ಕಳ ಕೈಗೆ, ಸಾಹೇಬರ ಕೈಗಲ್ಲ.

ಅವರು ಕೇಳಬೇಕಲ್ಲ. ಚೊಂಬು ಕಿತ್ತುಕೊಂಡು ಎಡಗೈಯಲ್ಲಿ ಹಿಡಿದು ಬಲಗೈಗೆ ಸುರಿದುಕೊಂಡರು. "ನೋಡಿದ್ರಾ? ಕೈ ತೊಳೆದಾಯ್ತು!" ಎಂದು ಕೂತು ಎರಡು ಕೈಯಲ್ಲೂ ಕಡಲೆಕಾಯಿ ಬಿಡಿಸತೊಡಗಿದರು. ಬಿಡಿಸಿದರು, ತಿಂದರು, ಹೊಗಳಿದರು, ಮೀಸೆ ನೀವಿಕೊಂಡರು. ಮೊದಲು ಬೀಜ ಹಳದಿಯಾಯಿತು, ಆಮೇಲೆ ತುಟಿ, ಆಮೇಲೆ ಅರ್ಧ ಮೀಸೆ. ನನಗೆ ನಗು ಮೂಗಿನಿಂದಲೇ ಬಂತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಬಾಯಿ ಒರೆಸಿಕೊಂಡ ಕರವಸ್ತ್ರ ನೋಡಿ ಇನ್ಸ್‌ಪೆಕ್ಟರು ಬೆಚ್ಚಿಬಿದ್ದರು.

ಬೋರಮ್ಮ ಸೆರಗು ಹೊದ್ದು ಮುಂದೆ ಬಂದಳು. "ತಪ್ಪಾಯ್ತು ಸ್ವಾಮಿ. ಚೊಂಬಿಗೆ ಅರಿಶ್ನ ಬಳ್ದಿದ್ದೆ. ನಿಮ್ಮ ಎಡಗೈ ನೋಡ್ಕಳಿ. ಅರಿಶ್ನ ಆದ್ರೆ ಕಾಣ್ತದೆ. ಕೊಳೆ ಕಾಣಾಕಿಲ್ಲ, ಹಂಗೇ ಹೊಟ್ಟೆಗೆ ಹೋಯ್ತದೆ. ನನ್ನ ಮಗ್ಳು ವಾಂತಿಭೇದೀಲಿ ಹೋದಾಗ ಆಸ್ಪತ್ರೆ ನರ್ಸಮ್ಮ ಹೇಳಿದ್ರು. ಆಗ ನಂಗೂ ಗೊತ್ತಿರ್ಲಿಲ್ಲ."

ನಮ್ಮ ನಗು ನಿಂತುಹೋಯಿತು. ಅವಳಿಗೆ ಮಗಳಿದ್ದಳೆಂದು ನಾವು ಕೇಳಿದ್ದು ಅದೇ ಮೊದಲು.

ಇನ್ಸ್‌ಪೆಕ್ಟರು ಹಳದಿ ಅಂಗೈಯನ್ನೇ ತುಸು ಹೊತ್ತು ನೋಡಿದರು. "ಮೇಷ್ಟ್ರೇ, ಈಯಮ್ಮ ಇಲ್ಲೇ ಇರಲಿ. ನಾನು ಬರೀತೀನಿ," ಎಂದು ಎದ್ದು ಹಂಡೆಯ ಬಳಿಗೆ ಹೋಗಿ, ಬಗ್ಗಿ, ಅಭ್ಯಾಸಬಲದಿಂದ ಬಲಗೈ ಒಂದನ್ನೇ ಒಡ್ಡಿದರು.

ಬೋರಮ್ಮ ಚೊಂಬು ಬಗ್ಗಿಸಲಿಲ್ಲ.

"ಎಲ್ಲಿ ಸ್ವಾಮಿ, ಎಡಗೈ?"