ಅಪ್ಪಾಜಿ ಸೋತ ಮಳೆಗಾಲ

ಊರೂರಿಗೆ ಮೊಬೈಲ್ ಬಂದಿದ್ದರೂ ಜನ ತಮ್ಮ ಕಷ್ಟ ಹೇಳಿಕೊಳ್ಳಲು ಖುದ್ದಾಗಿ ಬರುತ್ತಿದ್ದ ಕಾಲವದು. ನಾವು ಹಾಸಿಗೆ ಬಿಟ್ಟೇಳುವ ಮೊದಲೇ ನಮ್ಮ ಪಡಸಾಲೆ ತುಂಬಿ, ಬೀಡಿ ಮತ್ತು ಬೆವರಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ನಮ್ಮ ಕಡೆ ಶಾಸಕರನ್ನು ಮರಾಠಿಯವರ ಹಾಗೆ ‘ಆಮದಾರ’ ಎನ್ನುತ್ತಾರೆ. ನಾನು ಹುಟ್ಟುವ ಮೊದಲಿನಿಂದಲೂ ಅಪ್ಪಾಜಿ ಆಮದಾರರೇ. ಯಾರನ್ನೋ ಮಿರಜದ ದವಾಖಾನೆಗೆ ಸೇರಿಸುವುದು, ಯಾರದೋ ಹೊಲದ ದಾರಿಯ ಜಗಳ ಬಿಡಿಸುವುದು, ಹೀಗೆ ಅವರ ದಿನವೆಲ್ಲ ಜನರ ಪಾಲು.

ಆ ಜನರೆಲ್ಲರ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಎಲ್ಲರಿಗಿಂತ ಹೆಚ್ಚು ಐಗಳಿ ಊರಿನ ಸುನಂದಾಳ ಮೇಲೆ. ಆಕೆಯ ಅಪ್ಪ ಮಲ್ಲಪ್ಪಕಾಕಾ ದ್ರಾಕ್ಷಿ ಬೆಳೆಯುತ್ತಿದ್ದರು. ಅಪ್ಪಾಜಿಯ ಹಳೆಯ ಕಾರ್ಯಕರ್ತರು. ನಾನೂ ಸುನಂದಾಳೂ ಒಂದೇ ತಿಂಗಳು ಹುಟ್ಟಿದವರು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಅಪ್ಪಾಜಿ ಬೆಂಗಳೂರಿನಲ್ಲಿ ಅಧಿವೇಶನದಲ್ಲಿದ್ದರಂತೆ. ಸುನಂದಾಳ ತೊಟ್ಟಿಲಿಗೆ ಮಾತ್ರ ಹೋಗಿದ್ದರು. ಹೆಸರು ಆರಿಸಿದವರೂ ಅವರೇ.

ಒಮ್ಮೆ ಊಟ ಮಾಡುತ್ತ, “ಮಲ್ಲಪ್ಪನ ಮಗಳು ಸಾಲ್ಯಾಗ ಪಹಿಲಾ ನಂಬರ್ ಬಂದಾಳ,” ಎಂದರು.

“ನಾ ಎಷ್ಟನೇ ಇಯತ್ತೆ ಅದೇನಿ, ಹೇಳ್ರಿ ಅಪ್ಪಾಜಿ,” ಎಂದೆ.

ತುತ್ತು ಕೈಯಲ್ಲೇ ಹಿಡಿದು ಅವರು ಅವ್ವನ ಮುಖ ನೋಡಿದರು. “ಏಳನೇದು,” ಎಂದಳು ಅವ್ವ.

ಮರುವರ್ಷದ ಚುನಾವಣೆಯಲ್ಲಿ ಅಪ್ಪಾಜಿ ಸೋತರು. ಆ ದಿನ ಅವ್ವ ಒಲೆ ಹಚ್ಚಲಿಲ್ಲ. ಇನ್ನು ಇವರು ನಮ್ಮವರು ಎಂದು ಒಳಗೊಳಗೇ ಹಿಗ್ಗಿದವಳು ನಾನೊಬ್ಬಳೇ.

ಮಳೆ ಹಿಡಿಯುವ ಹೊತ್ತಿಗೆ ಪಡಸಾಲೆ ಖಾಲಿಯಾಗಿತ್ತು. ಬೆಳಿಗ್ಗೆ ಅಪ್ಪಾಜಿ ನನ್ನ ಪಕ್ಕ ಕೂತು ಬಿಸಿ ಜೋಳದ ಭಕ್ರಿಗೆ ಶೇಂಗಾ ಹಿಂಡಿಯ ಪುಡಿಯನ್ನೂ ಎಣ್ಣೆಯನ್ನೂ ಹಚ್ಚಿಕೊಂಡು ತಿನ್ನುತ್ತಿದ್ದರು. ನಾನು ಸಾಲೆಯಿಂದ ಬಂದೊಡನೆ ಇಬ್ಬರೂ ಚೌಕಾಬಾರ ಆಡುತ್ತಿದ್ದೆವು. ನಾನು ನೋಡಲಿಲ್ಲವೆಂದುಕೊಂಡು ಅವರು ನನ್ನ ಕಾಯನ್ನು ಒಂದು ಮನೆ ಮುಂದೆ ಸರಿಸುತ್ತಿದ್ದರು. ಇಸ್ತ್ರಿ ಬಟ್ಟೆಯ ವಾಸನೆ ಹೋಗಿ, ಅವರ ಮೈಗೆ ನಮ್ಮ ಮನೆಯದೇ ವಾಸನೆ ಬಂದಿತ್ತು.

ಬರಬರುತ್ತ ಅವರ ಮಾತು ಕಡಿಮೆಯಾಯಿತು. ಗೇಟಿನ ಸದ್ದಾದರೆ ತಲೆಯೆತ್ತುತ್ತಿದ್ದರು. ಬಂದವನು ಹಾಲಿನವನೆಂದು ಕಂಡಮೇಲೆ ಮತ್ತೆ ಕವಡೆ ಎತ್ತಿಕೊಳ್ಳುತ್ತಿದ್ದರು.

ಒಂದು ಸಂಜೆ ಆಟದ ನಡುವೆ ಮಲ್ಲಪ್ಪಕಾಕಾ ಮತ್ತು ಸುನಂದಾ ತೊಯ್ದು ತೊಪ್ಪೆಯಾಗಿ ಬಂದರು.

“ಸಾಹೇಬ್ರ, ನಮ್ಮ ತೋಟದ ಕಡೆ ಬರೂ ಬಸ್ಸು ಬಂದ್ ಮಾಡ್ಯಾರ. ಹುಡುಗ್ಯಾರ ಸಾಲಿ ನಿಂತೈತ್ರಿ,” ಎಂದರು ಕಾಕಾ.

“ನಾ ಈಗ ಆಮದಾರ ಅಲ್ಲೋ ಮಲ್ಲಪ್ಪಾ.”

“ನಮಗ ನೀವ ಆಮದಾರ್ರು,” ಎಂದಳು ಸುನಂದಾ.

ಅಪ್ಪಾಜಿ ಎದ್ದರು. ಮುಖ ತೊಳೆದು ಬಿಳಿ ಅಂಗಿ ತೊಟ್ಟರು. ಇಷ್ಟು ದಿನ ನಾನು ಕಾಣದಿದ್ದ ಕಳೆ ಆ ಮುಖಕ್ಕೆ ಬಂದಿತ್ತು.

“ಅಪ್ಪಾಜಿ, ಆಟ ಮುಗದಿಲ್ರಿ.”

“ಬಂದಮ್ಯಾಲೆ ಆಡೂಣ, ಮಗಳ,” ಎಂದವರು ತಮ್ಮ ಟವೆಲನ್ನು ಸುನಂದಾಳ ತಲೆಗೆ ಹೊದಿಸಿ, ಜೀಪಿನಲ್ಲಿ ಕೂಡಿಸಿಕೊಂಡು ಡಿಪೋಗೆ ಹೊರಟರು. ನಾನು ಕವಡೆಗಳನ್ನೆಲ್ಲ ಅಂಗಳದ ಕೆಸರಿಗೆ ಎಸೆದೆ.

ಬಸ್ಸು ಮತ್ತೆ ಶುರುವಾಯಿತು. ಪಡಸಾಲೆಯೂ ಮೆಲ್ಲಗೆ ತುಂಬಿತು. ಮುಂದಿನ ಚುನಾವಣೆಯಲ್ಲಿ ಗೆದ್ದ ಅಪ್ಪಾಜಿ ಕೊನೆಯುಸಿರಿನ ತನಕ ಆಮದಾರರಾಗಿಯೇ ಇದ್ದರು.

ಅವರು ತೀರಿಕೊಂಡ ಮೇಲೆ ಸುನಂದಾ ಮಾತಾಡಿಸಲು ಬಂದಳು. ಆಗ ಆಕೆ ಬಿ.ಎಡ್. ಓದುತ್ತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಪಕ್ಕಕ್ಕೆ ಕೂತು ನನ್ನ ಕೈ ಹಿಡಿದಳು.

“ಸಣ್ಣಾಕಿದ್ದಾಗ ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತಿತ್ತು. ನಮಗ ಅರ್ಧಾ ತಾಸು ಸಿಗತಿದ್ರು. ನಿನಗ ದಿನಾ ಸಿಗತಿದ್ರಲ್ಲ.”

ನನಗೆ ಸಿಕ್ಕಿದ್ದು ಒಂದು ಮಳೆಗಾಲದ ಕೆಲವು ವಾರ. ಆಗಲೂ ಅವರ ಕಣ್ಣು ಗೇಟಿನ ಮೇಲಿತ್ತು. ಇನ್ನೀಗ ಅಷ್ಟೂ ಇಲ್ಲ. ಇದನ್ನೆಲ್ಲ ಆಕೆಗೆ ಹೇಳಬಹುದಿತ್ತು. ಆದರೆ ಸುನಂದಾಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿತ್ತೆಂಬ ಮಾತು ನನ್ನೆದೆಗೆ ಎಷ್ಟೋ ತಂಪೆನಿಸಿತ್ತು.

“ಹೌದು,” ಎಂದೆ. “ದಿನಾ ಸಿಗತಿದ್ರು.”