ಸೋಫಾದವನ ಗ್ಲೈಡರ್

ನಮ್ಮ ಬೀದಿಯ ಸೋಫಾ ರಿಪೇರಿಯವನಿಗೆ ಐವತ್ತು ದಾಟಿದ ಮೇಲೆ ಹಾರುವ ಹುಚ್ಚು ಹಿಡಿಯಿತು. ಕ್ಲಬ್ಬೊಂದರಲ್ಲಿ ಹಾರುವುದನ್ನು ಕಲಿತು ಬಂದವನೇ, ಎಂಜಿನ್ ಇಲ್ಲದ, ಒಬ್ಬನೇ ಕೂರುವ ಗ್ಲೈಡರನ್ನು ಕಟ್ಟುತ್ತೇನೆಂದು ಅಂಗಡಿಯ ಹಿಂದಿನ ಕೋಣೆ ತೆರವು ಮಾಡಿದ.

“ಒಂದೇ ಸೀಟಾ?” ಎಂದಳು ಹೆಂಡತಿ.

“ಇಬ್ಬರಾದ್ರೆ ಭಾರ ಜಾಸ್ತಿ ಆಗುತ್ತೆ ಕಣೇ.”

“ಯಾರ ಭಾರ ಅಂತ ಬಾಯಿಬಿಟ್ಟು ಹೇಳಿ.”

ಜಾಣ, ಅವನು ಟೇಪು ಹಿಡಿದು ಕೋಣೆಯ ಅಳತೆಗೆ ಇಳಿದ.

ಹಗುರ ಮರದ ಚೌಕಟ್ಟು, ತೆಳು ಪ್ಲೈವುಡ್ಡಿನ ಮೈ. ರೆಕ್ಕೆಗೆ ಬಟ್ಟೆ ಎಳೆದು ಬಿಗಿದ ಚಂದಕ್ಕೆ ಹುಡುಕಿದರೂ ಒಂದು ಸುಕ್ಕು ಸಿಗುತ್ತಿರಲಿಲ್ಲ. ಆದರೆ ಕಸುಬಿನ ಚಾಳಿ ಎಲ್ಲಿ ಹೋಗಬೇಕು? ಸೀಟಿಗೆ ಸ್ಪ್ರಿಂಗಿನ ದಪ್ಪ ಗಾದಿ ಹಾಕಿ, ಕೈಯೂರಲು ದಿಂಬನ್ನೂ ಹೊಲಿದ.

ಊರಾಚೆಯ ಬಯಲಿನಲ್ಲಿ ಹೆಂಡತಿಯ ತಮ್ಮ ತನ್ನ ಜೀಪಿಗೆ ಹಗ್ಗ ಕಟ್ಟಿ ಎಳೆದ. ಗ್ಲೈಡರ್ ಒಂದಾಳೆತ್ತರ ಏರಿ, ಮೂತಿ ಮೇಲೆತ್ತಿ, ಬಾಲ ಕುಕ್ಕಿ ಕೂತಿತು.

“ಹಿಂದೆ ಭಾರ ಆಯ್ತು ಭಾವ,” ಎಂದ ಮೈದುನ.

ಸರಿ, ಸೀಟನ್ನು ಮುಂದಕ್ಕೆ ಸರಿಸಿದ. ಮೊಣಕಾಲು ಮೂತಿಗೆ ತಾಗಿತು. ಮೂತಿ ಉದ್ದ ಮಾಡಿದ, ತೂಕ ಹೆಚ್ಚಿತು. ತೂಕ ಹೊರಲೆಂದು ರೆಕ್ಕೆ ಬೆಳೆಸಿದ. ಅದು ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡು ಹಾಲಿನವನ ಸೈಕಲ್ಲಿಗೂ ದಾರಿ ಕೊಡಲಿಲ್ಲ. ಕೊನೆಗೆ ರೆಕ್ಕೆಯನ್ನು ತುಂಡು ಮಾಡಿ, ಬೋಲ್ಟಿನಿಂದ ಜೋಡಿಸುವಂತೆ ಮಾಡಿದ. ಇಷ್ಟಾದರೂ ಗ್ಲೈಡರ್ ಜೀಪಿನ ಹಿಂದೆ ಓಡಿತೇ ಹೊರತು ನೆಲ ಬಿಡುವ ಮನಸ್ಸು ಮಾಡಲಿಲ್ಲ.

ಅವನು ಅಂಗಡಿಯ ಕೆಲಸವನ್ನೂ ಬಿಟ್ಟು ಕೂತ. ಗಿರಾಕಿಗಳ ಕುರ್ಚಿಗಳು ಕಾಲು ಮೇಲೆ ಮಾಡಿ ಕಾಯುತ್ತಿದ್ದವು. ನೋಡಲಾರದೆ ಹೆಂಡತಿ ಕೋಣೆಗೆ ಹೋಗಿ ಗಾದಿಯನ್ನು ಎತ್ತಲು ನೋಡಿದಳು. ಎರಡು ಕೈ ಸಾಲಲಿಲ್ಲ.

“ಇದರಲ್ಲಿ ಕಬ್ಬಿಣದಂಗಡೀನೇ ಇದೆಯಲ್ರೀ! ತೆಗೀರಿ ಇದನ್ನ.”

“ಬರೀ ಹಲಗೆ ಮೇಲೆ ಕೂರೋದಾ? ನಾನು ಸೋಫಾದವನು! ನೋಡಿದವರು ಏನಂತಾರೆ?”

“ಅಷ್ಟು ಮೇಲೆ ಯಾರ್ರೀ ಬಂದು ನೋಡ್ತಾರೆ?”

ಗಾದಿ ಹೋಯಿತು, ಮುಖ ಸಪ್ಪಗೆ ಮಾಡಿಕೊಂಡು ದಿಂಬನ್ನೂ ಕಿತ್ತ. ಕ್ಲಬ್ಬಿನ ಗುರುಗಳು ಬಂದು ಹಿಂದುಮುಂದಿನ ತೂಕ ಸರಿನೋಡಿ ಹೂಂ ಎಂದರು.

ಈ ಸಲ ಗ್ಲೈಡರ್ ಮೆಲ್ಲಗೆ ನೆಲ ಬಿಟ್ಟಿತು. ಮರಗಳಿಗಿಂತ ಮೇಲೇರಿ, ಹಗ್ಗ ಕಳಚಿ, ಬಯಲಿಗೊಂದು ಸುತ್ತು ಬಂದು ಹುಲ್ಲಿನ ಮೇಲೆ ಜಾರಿ ನಿಂತಿತು. ಸೊಂಟ ಹಿಡಿದುಕೊಂಡು ಅವನು ಹೊರಗೆ ತೆವಳಿ ಬಂದ.

“ಹೇಗಿತ್ತು?” ಓಡಿ ಬಂದ ಹೆಂಡತಿ ಏದುಸಿರು ಬಿಡುತ್ತ ಕೇಳಿದಳು.

“ಎಷ್ಟು ನಿಶ್ಶಬ್ದ ಅಂದ್ರೆ, ನೀನು ನಿನ್ನ ತಮ್ಮನ್ನ ಬೈಯೋದೂ ಕೇಳಿಸ್ತು.”

“ನಾನೇನಂದೆ, ಹೇಳಿ ನೋಡೋಣ?”

“‘ಅವರಿಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ’ ಅಂದೆ.”

ಅವಳು ಮುಖ ತಿರುಗಿಸಿ ಹಗ್ಗ ಸುತ್ತತೊಡಗಿದಳು.