ಚೀಟಿಯಕ್ಕ ಸುತ್ತಿದ ಕೊಳವೆಗಳು

ಹಲ್ಲಿನ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಇಕ್ಕಳ, ಕನ್ನಡಿ, ಕೊಕ್ಕೆಗಳನ್ನು ಬಿಸಿ ಹಬೆಯಲ್ಲಿಟ್ಟು ಶುದ್ಧಮಾಡುವ ಕೋಣೆ ಚೀಟಿಯಕ್ಕನದು. ಒಂದೊಂದನ್ನೂ ಪೊಟ್ಟಣ ಕಟ್ಟಿ, ಮೇಲೆ ತಾರೀಖಿನ ಚೀಟಿ ಅಂಟಿಸುತ್ತಿದ್ದಳು. ಚೀಟಿ ಇಲ್ಲದ ಪೊಟ್ಟಣವನ್ನು ದೊಡ್ಡ ಡಾಕ್ಟರೇ ಬಂದು ಕೇಳಿದರೂ ಕೊಡುತ್ತಿರಲಿಲ್ಲ. ಒಮ್ಮೆ ಅವರು ಅವಸರದಲ್ಲಿ ಕೈ ಚಾಚಿದಾಗ, “ಸಾರ್, ನಿಮ್ಮ ಕೈಗೂ ಒಂದು ಚೀಟಿ ಅಂಟಿಸ್ಲಾ?” ಅಂದಿದ್ದಳಂತೆ. ಅವರು ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡರು. ಚೀಟಿಯಕ್ಕ ಎಂಬ ಹೆಸರು ಅಂದಿನಿಂದ ಗಟ್ಟಿಯಾಯಿತು.

ನಾನು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಹತ್ತಿಯ ಉಂಡೆ ಕಟ್ಟುತ್ತಿದ್ದವಳು. ಅವಳು ಹೇಳುವುದು, ನಾನು ಕೇಳುವುದು, ಹೀಗೆ ನಮ್ಮ ಇಪ್ಪತ್ತೆರಡು ವರ್ಷ ಕಳೆಯಿತು.

ಗೋಡೆಯ ಆಚೆಗೆ ರೋಗಿಗಳ ಕುರ್ಚಿ. ನಡುವೆ ಇದ್ದದ್ದು ಬರೀ ಹಲಗೆ. ಆಚೆಯ ನರಳಾಟ, ಕೆಮ್ಮು, ಯಂತ್ರದ ಕಿರ್ ಸದ್ದು ಎಲ್ಲ ಈಚೆಗೆ ಕೇಳುತ್ತಿತ್ತು. ಚೀಟಿಯಕ್ಕ ಪೊಟ್ಟಣ ಕಟ್ಟುತ್ತಲೇ, “ಇದು ಕೆಳಗಿನ ಹಲ್ಲು” ಅನ್ನುತ್ತಿದ್ದಳು. ಹೆಚ್ಚಾಗಿ ಸರಿಯಾಗಿರುತ್ತಿತ್ತು. ಮೇಲಿನ ಹಲ್ಲಾದರೆ ಮೂಳೆ ತೆಳ್ಳಗೆ, ಒಸಡಿನ ಪಕ್ಕ ಸೂಜಿ ಚುಚ್ಚಿದರೆ ಔಷಧಿ ಇಳಿದುಬಿಡುತ್ತದೆ. ಕೆಳದವಡೆ ಹಾಗಲ್ಲ, ಕಲ್ಲಿನಂಥ ಮೂಳೆ. ಬಾಯಿಯ ಹಿಂಬದಿಯಲ್ಲಿ, ನರ ಮೂಳೆಯೊಳಗೆ ಹೊಗುವ ಜಾಗವನ್ನು ಅಂದಾಜಿನಲ್ಲೇ ಹುಡುಕಿ ಔಷಧಿ ಬಿಡಬೇಕು. ಅಷ್ಟು ಮಾಡಿದರೂ ಒಳಗೆ ಕೆರಳಿ ಮಿಡಿಯುತ್ತಿರುವ ಹಲ್ಲಾದರೆ ಕೆಲವು ಸಲ ತುಟಿ ಜೋಮು ಹಿಡಿಯುತ್ತದೆ, ಗದ್ದ ಜೋಮು ಹಿಡಿಯುತ್ತದೆ, ಹಲ್ಲು ಮಾತ್ರ ಎಚ್ಚರವಾಗಿಯೇ ಕೂತಿರುತ್ತದೆ.

ಆ ವರ್ಷ ಹೆಚ್ಚಿನ ಓದಿಗೆ ಬಂದಿದ್ದ ಒಬ್ಬಳು ಡಾಕ್ಟರಮ್ಮ ಓದು ಮುಗಿಸಲು ತಾನು ಬರೆಯಬೇಕಾದ ಪುಸ್ತಕಕ್ಕೆ ಇದನ್ನೇ ಆರಿಸಿಕೊಂಡಳು. ಎಲ್ಲರೂ ಹಾಕುವ ಹಳೆಯ ಔಷಧಿ ಒಂದು, ಹೊಸದಾಗಿ ಬಂದದ್ದು ಇನ್ನೊಂದು. ಕೆಳದವಡೆಯ ಕೆರಳಿದ ಹಲ್ಲಿಗೆ ಯಾವುದು ಮೇಲು ಎಂದು ಅರವತ್ತು ಜನರಲ್ಲಿ ನೋಡಬೇಕು. ಆದರೆ ಯಾರಿಗೆ ಯಾವುದು ಹಾಕಿದೆ ಎಂದು ರೋಗಿಗೂ ಗೊತ್ತಾಗಬಾರದು, ಚುಚ್ಚುವ ಡಾಕ್ಟರಿಗೂ ಗೊತ್ತಾಗಬಾರದು. ಗೊತ್ತಾದರೆ ಮನಸ್ಸು ಒಂದು ಕಡೆಗೆ ವಾಲುತ್ತದಂತೆ. ಎರಡೂ ಔಷಧಿ ಒಂದೇ ಅಳತೆಯ ಗಾಜಿನ ಕೊಳವೆಯಲ್ಲಿ ಬರುತ್ತಿದ್ದವು, ಗಾಜಿನ ಮೇಲಿನ ಬರಹ ಮಾತ್ರ ಬೇರೆ. ಆ ಬರಹ ಕಾಣದಂತೆ ಕಾಗದ ಸುತ್ತಿ, ಪಟ್ಟಿಯಲ್ಲಿ ಇದ್ದಂತೆ ಒಂದರಿಂದ ಅರವತ್ತರ ತನಕ ನಂಬರು ಅಂಟಿಸಲು ಒಬ್ಬರು ಬೇಕಿತ್ತು. ಪಟ್ಟಿ ಅವರೊಬ್ಬರ ಬಳಿಯೇ ಇರಬೇಕು, ಅವರು ಬಾಯಿ ಬಿಡಬಾರದು. ದೊಡ್ಡ ಡಾಕ್ಟರು ಒಂದು ಗಳಿಗೆಯೂ ಯೋಚಿಸದೆ ಚೀಟಿಯಕ್ಕನನ್ನು ತೋರಿಸಿದರು.

ಅವಳು ನನಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆದರೆ ಗೋಡೆಗೆ ಕಿವಿ ಕೊಟ್ಟು ಮನಸ್ಸಿನಲ್ಲೇ ಅವಳು ಲೆಕ್ಕ ಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆಚೆಯಿಂದ ನರಳಿಕೆ ಬಂದರೆ ಹುಬ್ಬು ಗಂಟಾಗುತ್ತಿತ್ತು, ಸದ್ದಿಲ್ಲದೆ ಕೆಲಸ ಮುಗಿದರೆ ತಲೆಯಾಡಿಸುತ್ತಿದ್ದಳು. ಮೂವತ್ತು ಜನ ದಾಟುವಷ್ಟರಲ್ಲಿ ಹೊಸದೇ ಮೇಲು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಇದನ್ನು ಅವಳು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಅಷ್ಟರಲ್ಲಿ ಅವಳ ತಂಗಿಗೆ ಹಲ್ಲುನೋವು ಶುರುವಾಯಿತು. ಕೆಳಗಿನ ಎಡದ ದವಡೆ ಹಲ್ಲು. ತಂಗಿಗೆ ನಲವತ್ತು ದಾಟಿತ್ತು. ಎಂಟು ವರ್ಷದವಳಿದ್ದಾಗ ಯಾರೋ ಅವಳ ಹಲ್ಲು ಕಿತ್ತಿದ್ದರು. ಔಷಧಿ ಹಿಡಿದಿರಲಿಲ್ಲ. ಹುಡುಗಿ ಕೂಗಿದರೆ, ಸುಮ್ಮನೆ ಹಟ ಮಾಡುತ್ತಾಳೆ ಎಂದು ದೊಡ್ಡವರು ಗದರಿದರು. ಕೈ ಹಿಡಿದುಕೋ ಅಂದರು ಅಕ್ಕನಿಗೆ. ಹದಿನಾಲ್ಕರ ಅಕ್ಕ ಗಟ್ಟಿಯಾಗಿ ಹಿಡಿದುಕೊಂಡಳು. ಅಂದಿನಿಂದ ತಂಗಿ ಯಾರೆದುರೂ ಬಾಯಿ ತೆರೆದವಳಲ್ಲ. ಅಕ್ಕ ಹಲ್ಲಿನ ಆಸ್ಪತ್ರೆಯಲ್ಲೇ ಇದ್ದರೂ ಇತ್ತ ತಲೆ ಹಾಕಿರಲಿಲ್ಲ.

ಈಗ ನೀರು ಕುಡಿದರೂ ಪ್ರಾಣ ಹೋದಂತಾಗುತ್ತಿತ್ತು, ಮೂರು ದಿನದಿಂದ ನಿದ್ದೆ ಇಲ್ಲ. ಡಾಕ್ಟರಮ್ಮ ಎರಡು ಔಷಧಿಯ ಸಂಗತಿ ಹೇಳಿ ಅವಳನ್ನೂ ಆ ಅರವತ್ತು ಜನರಲ್ಲಿ ಸೇರಿಸಿಕೊಂಡಿದ್ದಳು; ಕೊಳವೆಗೆ ಕಾಗದ ಸುತ್ತುವವಳು ಅಕ್ಕನೇ ಎಂಬುದು ಆಸ್ಪತ್ರೆಗೆಲ್ಲ ಗೊತ್ತಿತ್ತು. ನಮ್ಮ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು, ಕೆನ್ನೆ ಹಿಡಿದುಕೊಂಡೇ ಹೇಳಿದಳು:

“ಬರ್ತೀನಿ ಕಣೇ ಅಕ್ಕಾ. ಆದ್ರೆ ಒಳ್ಳೆ ಔಷಧಿ ಯಾವ್ದು ಅಂತ ನಿಂಗೆ ಗೊತ್ತು. ಅದನ್ನೇ ಹಾಕಿಸ್ಬೇಕು.”

“ಹಂಗೆಲ್ಲ ನಂಗೇನೂ ಗೊತ್ತಿಲ್ಲ,” ಅಂದಳು ಚೀಟಿಯಕ್ಕ.

“ಆವತ್ತು ನನ್ನ ಕೈ ಹಿಡ್ಕೊಂಡೋಳು ನೀನೇ.”

ಚೀಟಿಯಕ್ಕ ಕೈಯಲ್ಲಿದ್ದ ಪೊಟ್ಟಣಕ್ಕೆ ಎರಡು ಚೀಟಿ ಅಂಟಿಸಿದಳು, ಒಂದನ್ನು ಕಿತ್ತಳು. ಮೂವತ್ತೆರಡು ವರ್ಷದಲ್ಲಿ ತಂಗಿ ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು ಎಂದು ನನಗೆ ಆಮೇಲೆ ತಿಳಿಯಿತು.

ಮಾರನೆಯ ಬೆಳಿಗ್ಗೆಗೆ ಇಬ್ಬರು ರೋಗಿಗಳಿದ್ದರು. ಮೊದಲು ತಂಗಿ, ನಲವತ್ತೊಂದನೆಯವಳು. ಅವಳ ಹಿಂದೆ ಒಬ್ಬ ಗಡಿಯಾರ ರಿಪೇರಿಯವನು, ನಲವತ್ತೆರಡು. ಪಟ್ಟಿಯ ಪ್ರಕಾರ ತಂಗಿಗೆ ಹಳೆಯದು, ಗಡಿಯಾರದವನಿಗೆ ಹೊಸದು. ಚೀಟಿಯಕ್ಕ ಬೇಗ ಬಂದು, ಎರಡು ನಂಬರುಗಳನ್ನು ಅದಲುಬದಲು ಮಾಡಿ ಅಂಟಿಸಿದಳು. ಅಷ್ಟೇ. ಅರ್ಧ ನಿಮಿಷದ ಕೆಲಸ.

ಡಾಕ್ಟರಮ್ಮ, ನೋವಾದರೆ ಕೈ ಎತ್ತಿ ಎಂದು ಹೇಳಿ ತಂಗಿಗೆ ಔಷಧಿ ಚುಚ್ಚಿ, ತುಟಿ ದಪ್ಪ ಆದಂತೆ ಅನಿಸುತ್ತಿದೆಯೇ ಎಂದು ಐದೈದು ನಿಮಿಷಕ್ಕೆ ಕೇಳುತ್ತಿದ್ದಳು. ಆಗಿದೆ ಎಂದಿತು ತಂಗಿಯ ತೊದಲು ದನಿ. ಚೀಟಿಯಕ್ಕ ಉಸಿರು ಬಿಟ್ಟಳು. ಯಂತ್ರ ಶುರುವಾಯಿತು. ಎರಡೇ ಕ್ಷಣ, ತಂಗಿಯ ಕೂಗು ಕೇಳಿಸಿತು. ಚೀಟಿಯಕ್ಕನ ಕೈಯಿಂದ ಇಕ್ಕಳ ಜಾರಿ ತಟ್ಟೆಗೆ ಬಿತ್ತು. ಆದರೆ ಕೂಗಿನ ಹಿಂದೆಯೇ ಯಂತ್ರವೂ ನಿಂತಿತು. ಡಾಕ್ಟರಮ್ಮ ಬೈಯಲಿಲ್ಲ. ಕೈ ಎತ್ತಿದ್ದು ಒಳ್ಳೆಯದಾಯಿತು, ಈ ಹಲ್ಲು ಸ್ವಲ್ಪ ಮೊಂಡು, ಇನ್ನೊಂದು ಕಡೆಯಿಂದಲೂ ಔಷಧಿ ಕೊಡೋಣ, ಅವಸರವಿಲ್ಲ ಎಂದಳು. ಪಟ್ಟಿಯ ಔಷಧಿ ಸಾಲದೆ ಬಂದರೆ ಹೀಗೆ ಮತ್ತೊಂದು ಸೂಜಿ ಕೊಡುವುದು ಮೊದಲೇ ಗೊತ್ತುಮಾಡಿದ್ದ ಕ್ರಮ. ಹತ್ತು ನಿಮಿಷ ಕಾದು ಮತ್ತೆ ಶುರುಮಾಡಿದಳು. ಆಮೇಲೆ ಕೂಗು ಬರಲಿಲ್ಲ.

ತಂಗಿ ಸೊಟ್ಟ ಬಾಯಿಯಲ್ಲೇ ನಗುತ್ತಾ ನಮ್ಮ ಕೋಣೆಗೆ ಬಂದಳು. ನಿನ್ನ ಒಳ್ಳೆಯ ಔಷಧಿ ನನಗೇನೂ ಹಿಡಿಯಲಿಲ್ಲ ಅಂದಳು. ಆದರೆ ಈ ಹುಡುಗಿಯ ಹತ್ತಿರ ಮತ್ತೆ ಬರುತ್ತೇನೆ, ಕೈ ಎತ್ತಿದ ತಕ್ಷಣ ನಿಲ್ಲಿಸುತ್ತಾಳೆ ಅಂದಳು.

ಗಡಿಯಾರದವನು ಆ ಬಳಿಕ ಕುರ್ಚಿ ಹತ್ತಿದ. ಅವನ ಕಡೆಯಿಂದ ಒಂದು ಹೂಂ ಕೂಡ ಕೇಳಲಿಲ್ಲ. ಹಳೆಯ ಔಷಧಿಯಲ್ಲೇ ಅವನ ಕೆಲಸ ಮುಗಿಯಿತಲ್ಲ ಎಂದು ಚೀಟಿಯಕ್ಕ ಸಮಾಧಾನಪಟ್ಟುಕೊಂಡಳಂತೆ. ಯಾರಿಗೂ ಅನ್ಯಾಯವಾಗಲಿಲ್ಲ.

ಮಧ್ಯಾಹ್ನ ಇಬ್ಬರ ಹಾಳೆಗಳೂ ಕಡತಕ್ಕೆ ಸೇರಿಸಲು ಅವಳ ಕೈಗೇ ಬಂದವು. ಹಾಳೆಯ ಮೇಲೆ ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ. ಎಷ್ಟು ನೋವಾಯಿತು ಎಂದು ರೋಗಿಯೇ ಅದರ ಮೇಲೆ ಗುರುತು ಹಾಕಬೇಕು. ಕೂಗಿದ ತಂಗಿ ಆರಕ್ಕೆ ಗುರುತು ಹಾಕಿದ್ದಳು. ಸದ್ದೇ ಮಾಡದ ಗಡಿಯಾರದವನು ಒಂಬತ್ತಕ್ಕೆ ಹಾಕಿದ್ದ.

ಚೀಟಿಯಕ್ಕ ಗಡಿಯಾರದವನ ಹಾಳೆಯ ನಂಬರನ್ನು ಎರಡೆರಡು ಸಲ ನೋಡಿದಳು. ಏನಾಯಿತೇ ಎಂದೆ. ಕಡತದಿಂದ ಹಳೆಯ ಹಾಳೆಗಳನ್ನು ತೆಗೆದು ಒಂದೊಂದಾಗಿ ನೋಡತೊಡಗಿದಳು. ಗೋಡೆಯ ಆಚೆ ಸುಮ್ಮನಿದ್ದವರಲ್ಲಿ ಏಳು, ಎಂಟು ಹಾಕಿದವರಿದ್ದರು. ಬೊಬ್ಬೆ ಹಾಕಿದವರಲ್ಲಿ ಎರಡು ಹಾಕಿದವರಿದ್ದರು. ಹಾಳೆಗಳು ದಿನವೂ ಅವಳ ಕೈ ದಾಟಿಯೇ ಹೋಗಿದ್ದವು. ಕಿವಿಯನ್ನು ನಂಬಿದವಳು ಕಣ್ಣು ಹಾಯಿಸಿರಲಿಲ್ಲ.

ಅವತ್ತೇ ಸಂಜೆ ಡಾಕ್ಟರಮ್ಮನ ಮುಂದೆ ಹೋಗಿ ನಿಂತು ಎಲ್ಲ ಹೇಳಿದಳು. ಜೊತೆಗೆ ನಾನೂ ಇದ್ದೆ. ಹುಡುಗಿಯ ಮುಖ ಬಿಳಿಚಿತು. ಎಂಟು ತಿಂಗಳ ಕೆಲಸ.

“ಇವೆರಡೇನಾ ಅಕ್ಕಾ?”

“ಎರಡೇ. ದೇವರಾಣೆ.”

“ನಾನು ನಂಬ್ತೀನಿ. ಬೇರೆಯವರು ಯಾಕೆ ನಂಬಬೇಕು?” ಆ ಎರಡು ಹಾಳೆಗಳನ್ನು ಪಕ್ಕಕ್ಕಿಟ್ಟು ಅಂದಳು, “ನಿಮ್ಮ ತಂಗಿ ಕಥೆ ನನಗೊಂದು ಮಾತು ಹೇಳಿದ್ದಿದ್ರೆ, ಅವರನ್ನ ಪಟ್ಟಿಗೇ ಸೇರಿಸ್ತಿರ್ಲಿಲ್ಲ. ಬೇಕಾದ್ದನ್ನೇ ಹಾಕ್ತಿದ್ದೆ.”

ಚೀಟಿಯಕ್ಕನಿಗೆ ಆ ದಾರಿ ಹೊಳೆದೇ ಇರಲಿಲ್ಲ. ಬಾಯಿ ಬಿಡಬಾರದು ಎಂದರೆ ಏನನ್ನೂ ಹೇಳಬಾರದು ಎಂದೇ ತಿಳಿದಿದ್ದಳು.

ದೊಡ್ಡ ಡಾಕ್ಟರು ಕೂಗಾಡಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. ಬಳಸಿದ ಖಾಲಿ ಕೊಳವೆಗಳೆಲ್ಲ ಕಾಗದ ಸಮೇತ ಒಂದು ಡಬ್ಬಿಯಲ್ಲಿದ್ದವು. ಔಷಧಿ ಕೋಣೆಯವರನ್ನು ಕರೆಸಿ, ಡಾಕ್ಟರಮ್ಮನನ್ನು ಹೊರಗೆ ಕೂರಿಸಿ, ನಲವತ್ತೆರಡೂ ಕೊಳವೆಗಳ ಕಾಗದ ಬಿಚ್ಚಿಸಿ ಪಟ್ಟಿಯ ಜೊತೆ ತಾಳೆ ನೋಡಿಸಿದರು. ಚೀಟಿಯಕ್ಕ ಬಾಗಿಲ ಪಕ್ಕದಲ್ಲಿ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಳು. ಪ್ರತಿ ನಂಬರಿಗೂ ಅವಳ ತುಟಿ ಅಲುಗುತ್ತಿತ್ತು. ನಲವತ್ತು ಸರಿಯಿದ್ದವು. ಎರಡು ತಪ್ಪಿದ್ದವು, ಅವಳು ಹೇಳಿದ ಎರಡೇ.

ಆ ಇಬ್ಬರನ್ನು ಲೆಕ್ಕದಿಂದ ಬಿಟ್ಟು, ಬಿಟ್ಟದ್ದು ಯಾಕೆ ಎಂದು ಪುಸ್ತಕದಲ್ಲಿ ಬರೆಯಬೇಕೆಂದು ತೀರ್ಮಾನವಾಯಿತು. ಡಾಕ್ಟರಮ್ಮನಿಗೆ ಹೊಸದಾಗಿ ಇಬ್ಬರು ರೋಗಿಗಳನ್ನು ಹುಡುಕುವ ಕೆಲಸ ಬಿತ್ತು. ಕಾಗದ ಸುತ್ತುವ ಕೆಲಸ ಔಷಧಿ ಕೋಣೆಗೆ ಹೋಯಿತು. ಅದನ್ನು ನನ್ನಿಂದ ತೆಗೆದುಕೊಳ್ಳಿ ಎಂದು ಕೇಳಿದವಳು ಚೀಟಿಯಕ್ಕನೇ. ಕೊನೆಗೆ ಪುಸ್ತಕದಲ್ಲಿ ಏನು ಬಂತು ಎಂದು ನಾನು ಕೇಳಿದ್ದೆ. ಹೊಸದು ಒಂದು ಕೂದಲಷ್ಟು ಮೇಲು, ಆದರೆ ಅದನ್ನೇ ನಂಬಿ ಕೂರುವಷ್ಟಲ್ಲ, ಇನ್ನೂ ತುಂಬಾ ಜನರಲ್ಲಿ ನೋಡಬೇಕು ಎಂದು ಬಂತಂತೆ.

ಪುಸ್ತಕ ಮುಗಿಯುವುದಕ್ಕೆ ಎಷ್ಟೋ ಮೊದಲು, ಆ ಬೆಳಿಗ್ಗೆಯಾಗಿ ಹತ್ತು ದಿನಕ್ಕೆ, ಗಡಿಯಾರದವನು ಅದೇ ಹಲ್ಲಿನ ಉಳಿದ ಕೆಲಸಕ್ಕೆ ಬಂದ. ಡಾಕ್ಟರಮ್ಮ ನಡೆದದ್ದನ್ನು ಅವನಿಗೆ ಮೊದಲೇ ಹೇಳಿದ್ದಳು. ಚೀಟಿಯಕ್ಕನೂ ತಾನೇ ಹೋಗಿ ಹೇಳುತ್ತೇನೆಂದು ಹೊರಟಳು. ಅವನು ಬೆಂಚಿನ ತುದಿಯಲ್ಲಿ ಕೂತಿದ್ದ.

“ನಿಮ್ಮ ಪಾಲಿನ ಔಷಧಿ ನನ್ನ ತಂಗಿಗೆ ಹೋಯ್ತು. ಅದಲುಬದಲು ಮಾಡಿದ್ದು ನಾನೇ,” ಅಂದಳು.

ಅವನು ಯೋಚಿಸಿ ಕೇಳಿದ, “ಅವರಿಗಾದ್ರೂ ನೋವು ಕಮ್ಮಿ ಆಯ್ತಾ?”

“ಇಲ್ಲ.”

“ಸರಿ ಹೋಯ್ತು ಬಿಡಿ. ಕಳ್ಳನಿಗೂ ಲಾಭ ಇಲ್ಲ, ಸಾಹುಕಾರನಿಗೂ ಲಾಭ ಇಲ್ಲ.” ನಗಲು ಹೋಗಿ ಕೆನ್ನೆ ಹಿಡಿದುಕೊಂಡ.

ಅಷ್ಟು ನೋವಾದರೂ ಕೈ ಯಾಕೆ ಎತ್ತಲಿಲ್ಲ ಎಂದು ಚೀಟಿಯಕ್ಕ ಕೇಳಿದಳು. ಓದುವ ಹುಡುಗಿ, ತನ್ನಿಂದ ಅವಳ ಕೈ ನಡುಗುವುದು ಬೇಡ ಎಂದು ಸುಮ್ಮನಿದ್ದೆ ಅಂದ. ತನಗೂ ಅಷ್ಟೇ ವಯಸ್ಸಿನ ಮಗಳಿದ್ದಾಳಂತೆ.

“ಅಣ್ಣಾ, ನೀವು ಸುಮ್ಮನಿದ್ರೆ ಆ ಹುಡುಗಿ ಕಲಿಯೋದು ಹೇಗೆ?” ಅಂದಳು ಚೀಟಿಯಕ್ಕ.

ಒಳಗಿನಿಂದ ಕರೆ ಬಂತು, ಅವನು ಎದ್ದು ಹೋದ. ನಾವು ನಮ್ಮ ಕೋಣೆಗೆ ಮರಳಿದೆವು. ಆ ದಿನ ಗೋಡೆಯ ಆಚೆ ಯಂತ್ರ ಎರಡು ಸಲ ನಿಂತು, ಎರಡು ಸಲ ಮತ್ತೆ ಶುರುವಾಯಿತು. ಕೆಲಸ ಮುಗಿಯುವಾಗ ಊಟದ ಹೊತ್ತು ಮೀರಿತ್ತು.